ನಿನ್ನ ಕೈ ಮುಟ್ಟದ ರೋಲರ್

ಅಪ್ಪಾ,

ಫೋನಿನಲ್ಲಿ ಈ ಮಾತು ತೆಗೆದರೆ ನೀನು "ಊಟಾ ಆತೇನವ್ವ?" ಎಂದು ದಾರಿ ತಪ್ಪಿಸುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸಲು ನಿನಗೆ ಬರುವುದಿಲ್ಲ. ಪೂರ್ತಿ ಓದು, ನಡುವೆ ಎದ್ದು ಎಮ್ಮೆಗೆ ಮೇವು ಹಾಕಲು ಹೋಗಬೇಡ.

ಎಮ್ಮಿಗನೂರಿನ ಆಲೆಮನೆಯಲ್ಲಿ ಕಬ್ಬಿನ ಗಾಣದ ರೋಲರ್ ಕುತ್ತಿಗೆ ಮುರಿದು ಗಾಣಕ್ಕೆ ಕಬ್ಬು ಕೊಡುತ್ತಿದ್ದ ಉಚ್ಚೆಂಗೆಪ್ಪನ ಕಾಲ ಮೇಲೆ ಬಿದ್ದಾಗ ನಾನಿನ್ನೂ ಬಸುರಿ. ಆ ರೋಲರಿಗೆ ಮರಳಿನ ಅಚ್ಚು ಕಟ್ಟಿದವನು ನೀನು, ಕಬ್ಬಿಣ ಎರೆದವನೂ ನೀನು. ಮರುದಿನ ಹೊಸಪೇಟೆಯ ಫೌಂಡ್ರಿಯಲ್ಲಿ ಎಲ್ಲರೆದುರು ಸಾವ್ಕಾರ್ರು ವಿರೂಪಾಕ್ಷಪ್ಪ ಅಂದದ್ದು ಇಷ್ಟೇ: "ಗುಡ್ಡಪ್ಪನ ಕೈಗುಣ ಹೋತು. ಇನ್ನ ಅಚ್ಚು ಮುಟ್ಟೋದು ಬ್ಯಾಡ." ನೀನು ಮೈಮೇಲಿನ ಮರಳು ಕೊಡವಿ ನಮ್ಮೂರು ಗಾದಿಗನೂರಿನ ಬಸ್ಸು ಹತ್ತಿದೆ.

ಅವರು ಅಂದದ್ದಕ್ಕಿಂತ ನೀನು ಅದನ್ನು ನಂಬಿದ್ದಕ್ಕೆ ನನಗೆ ಸಿಟ್ಟು. ಬಿತ್ತನೆಯ ಮೊದಲ ಹಿಡಿ ಬೀಜಕ್ಕೆ ಊರವರು ನಿನ್ನನ್ನೇ ಕರೆಯುತ್ತಿದ್ದರು. ಈಗ ಕರೆದರೂ ಬದುವಿನ ಮೇಲೇ ನಿಲ್ಲುತ್ತೀಯಂತೆ. ಅವ್ವ ನನ್ನ ಮಗಳನ್ನು ನಿನ್ನ ಮುಂದೆ ಹಿಡಿದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು "ಬ್ಯಾಡ, ನನ್ನ ಕೈಗೆ ಕೊಡಬ್ಯಾಡ" ಅಂದೆಯಲ್ಲ. ಕೂಸು ನಿನ್ನನ್ನೇ ನೋಡುತ್ತಿತ್ತು. ಆ ರೋಲರ್ ಯಾಕೆ ಮುರಿಯಿತೆಂದು ಕಂಡುಹಿಡಿಯಲೇಬೇಕೆಂದು ಅಂದೇ ನಾನು ಹಟ ಹಿಡಿದೆ.

ಸಂಡೂರು ರಸ್ತೆಯ ಎರಕದ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ನಾನು ಏನು ಮಾಡುತ್ತೇನೆಂದು ನೀನು ಒಮ್ಮೆಯೂ ಕೇಳಿಲ್ಲ. ಈಗ ಕೇಳು. ನೇರ ವಿರೂಪಾಕ್ಷಪ್ಪನವರ ಬಳಿಗೇ ಹೋಗಿ, ರೋಲರಿನ ಅಚ್ಚು ಒತ್ತುವ ಮರದ ಪ್ಯಾಟರ್ನ್ ಅಳೆಯಬೇಕು ಅಂದೆ. ನಕ್ಕರು. "ಅಳಕೊಳ್ಳವ್ವ. ಕಂಪ್ಯೂಟರ್‌ನ್ಯಾಗ ಕಬ್ಬಿಣ ಕರಗತೈತೇನು?"

ಕರಗುತ್ತದೆ ಅಪ್ಪಾ. ಆ ಅಳತೆ ಹಿಡಿದು ಕಂಪ್ಯೂಟರಿನೊಳಗೆ ಒಂದು ರೋಲರ್ ಕಟ್ಟಿದೆ. ಅದನ್ನು ಸಕ್ಕರೆ ಹರಳಿನಷ್ಟು ಸಣ್ಣ ಚೂರುಗಳಾಗಿ ಒಡೆದು, ಪ್ರತಿ ಚೂರಿನ ಬಿಸಿ ಎಷ್ಟು, ಪಕ್ಕದ ಚೂರಿಗೆ ಎಷ್ಟು ದಾಟುತ್ತದೆ, ಮರಳು ಎಷ್ಟು ಹೀರುತ್ತದೆ ಎಂದು ಲೆಕ್ಕಕ್ಕೆ ಹಚ್ಚಿದೆ. ಸ್ಕ್ರೀನಿನ ಮೇಲೆ ಕಬ್ಬಿಣ ಕೆಂಪಗೆ ಹರಿದು ಅಚ್ಚು ತುಂಬುತ್ತದೆ, ಆರುತ್ತಾ ಆರುತ್ತಾ ನೀಲಿಯಾಗುತ್ತದೆ. ಮೊದಲ ಸಲ ಅದು ರೋಲರ್ ಗಟ್ಟಿಯಾಗಿದೆ, ಎಲ್ಲೂ ದೋಷವಿಲ್ಲ ಎಂದಿತು. ಹಾಗಾದರೆ ತಪ್ಪು ಎರೆದವನದೇ? ನನಗೆ ಅನ್ನ ಸೇರಲಿಲ್ಲ.

ತಪ್ಪು ನನ್ನ ಲೆಕ್ಕದಲ್ಲಿತ್ತು. ಕಬ್ಬಿಣ ಆರುವಾಗ ಕುಗ್ಗುತ್ತದೆ, ಕುಗ್ಗಿದ್ದನ್ನು ತುಂಬಿಕೊಡಲೆಂದೇ ಅಚ್ಚಿನ ತಲೆಯ ಮೇಲೆ ರೈಸರ್‌ನಲ್ಲಿ ಹೆಚ್ಚಿನ ಕಬ್ಬಿಣ ನಿಲ್ಲಿಸುತ್ತೀರಿ. ನಮ್ಮ ಕಾರ್ಖಾನೆಯಲ್ಲಿ ಆ ರೈಸರ್ ಬೇಗ ಆರದಂತೆ ಕಂಪ್ಲಿಯ ಅಕ್ಕಿ ಗಿರಣಿಯ ಹೊಟ್ಟು ಹೊದಿಸುತ್ತಾರೆ. ರೂಢಿಬಲದಿಂದ ನಾನು ಲೆಕ್ಕದಲ್ಲೂ ಹೊದಿಸಿಬಿಟ್ಟಿದ್ದೆ. ನಿಮ್ಮ ಫೌಂಡ್ರಿಯಲ್ಲಿ ಹೊಟ್ಟು ಎಲ್ಲಿದೆ? ಅದನ್ನು ತೆಗೆದು ಕಂಪ್ಯೂಟರಿನಲ್ಲಿ ಮತ್ತೆ ಎರೆದೆ. ರೈಸರ್ ಮೊದಲೇ ಆರಿಹೋಯಿತು. ಮೈಯೂ ಕುತ್ತಿಗೆಯೂ ಸೇರುವ ದಪ್ಪ ಜಾಗ ಕೊನೆಗೆ ಆರಿತು, ತುಂಬಿಕೊಡುವವರಿಲ್ಲದೆ ಅಲ್ಲೊಂದು ಪೊಳ್ಳು ಉಳಿಯಿತು. ಎಮ್ಮಿಗನೂರಿನಲ್ಲಿ ಮುರಿದದ್ದೂ ಅಲ್ಲೇ. ಆ ಲೆಕ್ಕದಲ್ಲಿ ಯಾರ ಕೈಯೂ ಇರಲಿಲ್ಲ ಅಪ್ಪಾ.

ಆದರೆ ಬಣ್ಣದ ಚಿತ್ರ ನೋಡಿ ಯಾರು ನಂಬುತ್ತಾರೆ? ರೋಲರ್ ಕೊಯ್ದು ತೋರಿಸಬೇಕು. ನಿಮ್ಮಲ್ಲೊಂದು ನೇಮವಿದೆಯಲ್ಲ, ಕೆಟ್ಟ ಎರಕದ ಒಳಗನ್ನು ನೋಡಬಾರದು, ನೋಡಿದರೆ ಮುಂದಿನದೂ ಕೆಡುತ್ತದೆ ಎಂದು. ಒಡೆದು ಮತ್ತೆ ಕುಲುಮೆಗೆ ಹಾಕಿಬಿಡುತ್ತೀರಿ. ಎಮ್ಮಿಗನೂರಿನ ಮುರುಕನ್ನೂ ಹಾಗೇ ನೋಡದೆ ಕರಗಿಸಿಬಿಟ್ಟರಂತೆ. ಹೀಗಾಗಿ ಆ ಪೊಳ್ಳು ಎಷ್ಟು ವರ್ಷದಿಂದ ಹುಟ್ಟುತ್ತಿದೆಯೋ, ಅದರ ಮುಖ ಕಂಡವರು ಯಾರೂ ಇಲ್ಲ. ಈಗ ನಿನ್ನ ಜಾಗದಲ್ಲಿರುವ ರಾಯಣ್ಣ ಎರೆದ ರೋಲರೊಂದು, ಮೈಮೇಲೆಲ್ಲ ಮರಳು ಕಚ್ಚಿ ಕೆಟ್ಟಿತೆಂದು, ಅಂಗಳದಲ್ಲಿ ಬಿದ್ದಿತ್ತು. ಅದನ್ನು ಒಡೆಯಲು ಆಳುಗಳು ಸುತ್ತಿಗೆ ಹಿಡಿದು ಬಂದರು. ನಾನು ಹೋಗಿ ಅದರ ಮೇಲೆ ಕೂತುಬಿಟ್ಟೆ.

"ಏಳವ್ವ, ಅಪಶಕುನ" ಅಂದರು ಸಾವ್ಕಾರ್ರು.

"ಕೊಯ್ದು ನೋಡೋತನಕ ಏಳಂಗಿಲ್ರಿ" ಅಂದೆ.

ಬೈದರು, ಗದರಿಸಿದರು, ಕೊನೆಗೆ ಚಹಾ ತರಿಸಿದರು. ಚಹಾ ಕುಡಿದೆ, ಏಳಲಿಲ್ಲ. ಸಂಜೆಯ ಹೊತ್ತಿಗೆ ಅವರೇ ಸೋತು ಗರಗಸದ ಮಿಷನ್ ಹಚ್ಚಿಸಿದರು. ಕುತ್ತಿಗೆ ಎರಡು ಹೋಳಾಯಿತು. ಒಳಗೆ ನೆಲ್ಲಿಕಾಯಿ ಗಾತ್ರದ ಪೊಳ್ಳು, ಕಂಪ್ಯೂಟರ್ ಹೇಳಿದ ಜಾಗದಲ್ಲೇ. ಅದು ನಿನ್ನ ಕೈ ಮುಟ್ಟದ ರೋಲರ್. ರಾಯಣ್ಣ ಅದನ್ನು ನೋಡಿ "ಗುಡ್ಡಪ್ಪಣ್ಣನ ತಪ್ಪಲ್ಲ ಹಂಗಾರ" ಎಂದು ಎಲ್ಲರಿಗೂ ಕೇಳುವಂತೆ ಅಂದ. ನನಗೆ ಅಳು ಬಂತು, ತಡೆದುಕೊಂಡೆ. ಅಲ್ಲಿ ಅಳಬಾರದು ಅನ್ನಿಸಿತು.

ವಿರೂಪಾಕ್ಷಪ್ಪನವರು "ನಿಮ್ಮಪ್ಪಗ ಬಾ ಅಂತ ಹೇಳವ್ವ" ಅಂದರು. "ಕಳಿಸಿದವರು ನೀವು, ನೀವ ಹೋಗಿ ಕರೀರಿ" ಎಂದು ಹೇಳಿ ಬಂದಿದ್ದೇನೆ. ಬರುತ್ತಾರೋ ಇಲ್ಲವೋ, ಬಂದರೆ ನೀನು ಹೋಗುತ್ತೀಯೋ ಇಲ್ಲವೋ, ಅದು ನಿಮ್ಮಿಬ್ಬರ ಮಾತು. ನನ್ನ ಜಗಳ ಇರುವುದು ನಿನ್ನ ಜೊತೆ.

ಭಾನುವಾರ ಬರುತ್ತೇನೆ. ಆ ಹೋಳು ನನ್ನ ಚೀಲದಲ್ಲೇ ಇರುತ್ತದೆ. ಪೊಳ್ಳಿನಲ್ಲಿ ಬೆರಳಿಟ್ಟು ನೋಡು. ಆಮೇಲೆ ಕೈ ತೊಳೆದುಕೊ. ಮಗಳಿಗೆ ಇನ್ನೂ ಅನ್ನ ಮುಟ್ಟಿಸಿಲ್ಲ, ಅತ್ತೆಯವರು ಅವಸರ ಮಾಡಿದರೂ ತಡೆದಿದ್ದೇನೆ. ಮೊದಲ ತುತ್ತು ನಿನ್ನ ಕೈಯಿಂದಲೇ ಆಗಬೇಕು. ಮತ್ತೆ ಕೈಯನ್ನು ಬೆನ್ನ ಹಿಂದೆ ಕಟ್ಟಿದೆಯೋ, ನಿನ್ನ ಹೊಸ್ತಿಲ ಮೇಲೆ ಕೂತುಬಿಡುತ್ತೇನೆ. ನಾನು ಕೂತರೆ ಏಳುವವಳಲ್ಲ ಎಂದು ಹೊಸಪೇಟೆಯಲ್ಲಿ ಕೇಳಿ ನೋಡು.

ಕಾಗದದ ಕೊನೆಗೆ ಆಶೀರ್ವಾದ ಬೇಡುವುದು ವಾಡಿಕೆ. ನಾನು ಬೇಡುವುದಿಲ್ಲ. ಬಂದು ನಿನ್ನ ಮುಂದೆ ತಲೆ ಬಗ್ಗಿಸುತ್ತೇನೆ, ಕೈ ಇಡು.

ಗುಡ್ಡಪ್ಪನ ಮಗಳು,
ತುಳಸಿ