ಕಣ್ಣು ಮುಚ್ಚಿದರೆ ಓಲಾಡುವ ಶರಣರಿಗೆ

ಮಾನ್ವಿ,
೧೦-೧೧-೧೯೭೯, ಶನಿವಾರ

ನಮ್ಮ ಮನೆಯವರಿಗೆ ಶರಣಮ್ಮ ಮಾಡುವ ಶರಣು ಶರಣಾರ್ಥಿ.

ಹೇಗಿದ್ದೀರಿ? ಊಟ ಸೇರುತ್ತಿದೆಯೇ? ಅಂಗಾಲಿನ ಜುಮುಜುಮು ಪಾದದಲ್ಲೇ ನಿಂತಿದೆಯೋ, ಮೊಣಕಾಲಿಗೆ ಏರಿದೆಯೋ? ದೇವದುರ್ಗದ ಮಠದ ಮೆಟ್ಟಿಲು ಬಹಳ ಕಡಿದು ಎಂದು ಕೇಳಿದ್ದೇನೆ. ಇಳಿಯುವಾಗ ಗೋಡೆ ಹಿಡಿದುಕೊಳ್ಳಿ, ಭಕ್ತರು ನೋಡಿದರೆ ನೋಡಲಿ. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದಿದ್ದೇನೆ. ಮಿಲ್ಲಿಗೆ ಹೊಸ ಭತ್ತ ಬರಲು ಶುರುವಾಗಿದೆ. ಖಾಸಿಂ ಸಾಬ್ ಎಂಜಿನ್ನಿನ ಪಟ್ಟಿ ಬದಲಿಸಿದ್ದಾನೆ. "ಸಾವಕಾರ್ರು ಯಾವಾಗ ಬರ್ತಾರವ್ವಾ?" ಎಂದು ದಿನವೂ ಕೇಳುತ್ತಾನೆ. ಸಾವಕಾರರು ಈಗ ದೇವರಾಗಿದ್ದಾರೆ, ಬಿಡುವಿಲ್ಲ ಎಂದೆ. ಪಾಪ, ಅವನು ನಗಲಿಲ್ಲ.

ರಾಯಚೂರಿನ ದವಾಖಾನೆಯಿಂದ ಎದ್ದು ಹೋಗುವಾಗ ನೀವು ನನಗೆ ಹೊಟ್ಟೆಕಿಚ್ಚಿನವಳು ಅಂದಿರಿ. ಹೌದು ರೀ, ಹೊಟ್ಟೆಕಿಚ್ಚೇ. ಇಲ್ಲ ಅಂತ ಯಾಕೆ ಸುಳ್ಳು ಹೇಳಲಿ? ಹೋದ ವರ್ಷ ಶ್ರಾವಣದಲ್ಲಿ, ನಮ್ಮೂರ ಮಠದಲ್ಲಿ ಮಂಗಳಾರತಿಯ ಹೊತ್ತಿಗೆ ನೀವು ಕಣ್ಣು ಮುಚ್ಚಿ ನಿಂತಿರಿ, ನಿಂತಲ್ಲೇ ಓಲಾಡಿದಿರಿ. ವಚನ ಹಾಡುತ್ತಿದ್ದ ಗುರುಶಾಂತಮ್ಮ ಹಾಡು ನಿಲ್ಲಿಸಿ, "ನೋಡ್ರವ್ವಾ, ವಿರೂಪಣ್ಣಾರಿಗೆ ಲಿಂಗ ಒಲದದ! ಮೈಮ್ಯಾಲ ಖಬರಿಲ್ಲ" ಎಂದಳು. ಅಂದಿನಿಂದ ನೀವು ನನ್ನ ಗಂಡನಾಗಿ ಉಳಿಯಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಾ ನಡೆದರೆ ವಿನಯ. ಚಪ್ಪಲಿ ಜಾರಿದ್ದು ಗೊತ್ತಾಗದೆ ಬರಿಗಾಲಲ್ಲಿ ಮನೆಗೆ ಬಂದರೆ ವೈರಾಗ್ಯ. ಹೆಂಗಸರು ಸಾಲುಗಟ್ಟಿ ಕಾಲಿಗೆ ಬೀಳುತ್ತಿದ್ದರು. ನೀವು ಬೀಳದಂತೆ ನಿಮ್ಮ ಮೊಳಕೈ ಹಿಡಿದು ನಿಲ್ಲುವ ಸೇವೆ ಮಾತ್ರ ಗುರುಶಾಂತಮ್ಮನದು. ಗಂಡ ಸತ್ತವಳು, ಭಕ್ತಿಯವಳು, ಕೆಟ್ಟವಳಲ್ಲ, ಎಲ್ಲ ಒಪ್ಪುತ್ತೇನೆ. ಆದರೆ ಆ ಮೊಳಕೈಯನ್ನು ನಾಲ್ಕು ಜನರ ಎದುರು ನಾನು ಒಂದು ದಿನವೂ ಹಿಡಿದಿಲ್ಲ. ಹಿಡಿದಿದ್ದರೆ ನೀವೇ ಝಾಡಿಸಿಕೊಳ್ಳುತ್ತಿದ್ದಿರಿ.

ನಿಮಗೆ ಲಿಂಗ ಒಲಿದದ್ದನ್ನು ನಾನೂ ನಂಬಿದ್ದೆ, ನನ್ನ ಸಂಕಟವೇ ಅದು. ಒಲಿಯುವ ದೇವರು ನಮ್ಮ ಜಗುಲಿಯ ಮೇಲೆ, ನಾನು ಹಚ್ಚಿದ ದೀಪದ ಮುಂದೆ ಒಲಿಯಬಾರದೇ? ಅವಳ ಹಾಡಿಗೇ ಯಾಕೆ ಒಲಿಯಬೇಕು? ಹೀಗೆ ಉರಿಯುತ್ತಿದ್ದಾಗಲೇ ಒಂದು ಬೆಳಿಗ್ಗೆ ನೀವು ಬಚ್ಚಲಲ್ಲಿ ಮುಖಕ್ಕೆ ಸಾಬೂನು ಹಚ್ಚಿಕೊಂಡು, ಕಣ್ಣು ಮುಚ್ಚಿ, ಧಡಲ್ಲನೆ ಹಂಡೆಯ ಮೇಲೆ ಬಿದ್ದಿರಿ. ನಾನು ಓಡಿ ಬಂದು ಎತ್ತಿದೆ. ನಿಮ್ಮ ಹಣೆಯಲ್ಲಿ ರಕ್ತ, ನನ್ನ ಮನಸ್ಸಿನಲ್ಲಿ ಹಾಲು ಕುಡಿದಷ್ಟು ಖುಷಿ. ಬಚ್ಚಲಲ್ಲಿ ಮಂಗಳಾರತಿ ಇರಲಿಲ್ಲ, ಗುರುಶಾಂತಮ್ಮ ಇರಲಿಲ್ಲ, ಆದರೂ ಬಿದ್ದಿರಿ! ಹಾಗಾದರೆ ಇದು ಅವಳ ಹಾಡಿನ ಮಹಿಮೆಯಲ್ಲ. ಆ ಖುಷಿಗೇ ನಿಮ್ಮನ್ನು ಹಣೆಯ ಗಾಯದ ನೆವದಲ್ಲಿ ರಾಯಚೂರಿಗೆ ಕರೆದುಕೊಂಡು ಹೋದೆ. ಹೆಂಡತಿಯ ಕಾಳಜಿ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ದೊಡ್ಡತನ.

ಆ ಡಾಕ್ಟರಮ್ಮನ ಮೇಲೂ ನನಗೆ ಸಿಟ್ಟು ಬಂದಿತ್ತು. ನಾಚಿಕೆಯಿಲ್ಲದೆ ನಿಮ್ಮ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ, "ಬಟ್ಟು ಮ್ಯಾಲ ಅದನೋ ಕೆಳಗ ಅದನೋ?" ಎಂದು ಕೇಳಿದಳು. ಅವಳು ಕೆಳಗೆ ಬಗ್ಗಿಸಿದಾಗ ನೀವು ಮಿಲ್ಲಿನಲ್ಲಿ ಧಾರಣೆ ಹೇಳುವ ಗತ್ತಿನಲ್ಲೇ "ಮ್ಯಾಲ" ಅಂದಿರಿ. ನನಗೆ ನಗು ಬಂತು, ಮರುಗಳಿಗೆ ಹೆದರಿಕೆ ಬಂತು. ಕಬ್ಬಿಣದ ಕವೆಯೊಂದನ್ನು ಬಡಿದು ಝಂಯ್ ಅನ್ನಿಸಿ ನಿಮ್ಮ ಕಾಲಿನ ಹರಡಿನ ಎಲುಬಿಗೆ ಇಟ್ಟಾಗ "ತಣ್ಣಗದ, ಅಷ್ಟ" ಅಂದಿರಿ. ಅದನ್ನೇ ನನ್ನ ಕಾಲಿಗೆ ಇಟ್ಟಾಗ ಜೇನುಹುಳ ಹೊಕ್ಕಂತಾಯಿತು. ಆಮೇಲೆ ಎರಡೂ ಪಾದ ಜೋಡಿಸಿ ನಿಲ್ಲಿಸಿದಳು. ಕಣ್ಣು ತೆರೆದಿದ್ದಾಗ ಕಂಬದ ಹಾಗೆ ನಿಂತಿದ್ದಿರಿ. "ಈಗ ಕಣ್ಣು ಮುಚ್ರಿ" ಎಂದಳು. ಅದೇ ಓಲಾಟ, ಶ್ರಾವಣದ್ದೇ ಓಲಾಟ! ಅವಳು ಹಿಡಿಯದಿದ್ದರೆ ಮೇಜಿಗೆ ಬಡಿದುಕೊಳ್ಳುತ್ತಿದ್ದಿರಿ.

ನಾಲಿಗೆ ನೋಡಿದಳು, ಕೆಂಪಗೆ ನುಣ್ಣಗೆ ಇತ್ತು. "ಹಾಲು-ಹೈನ ಬಿಟ್ಟು ಎಷ್ಟು ವರ್ಷ ಆತು?" ಎಂದು ಕೇಳಿದಳು. ಅತ್ತೆಯವರು ಲಿಂಗೈಕ್ಯರಾದ ವರ್ಷ ನೀವು ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲ ಬಿಟ್ಟದ್ದು ಇವಳಿಗೆ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ನಿಮ್ಮ ಕಾಲು ಮತ್ತು ನಾಲಿಗೆ ಹೇಳಿದ್ದವು. ಇಷ್ಟು ವರ್ಷ ಆ ಕಾಲು ತಿಕ್ಕಿದವಳು ನಾನು, ನನಗೆ ಅವು ಒಂದು ಮಾತೂ ಹೇಳಿರಲಿಲ್ಲ. ಅದೂ ಒಂದು ಹೊಟ್ಟೆಯುರಿ, ಬರೆದುಕೊಳ್ಳಿ.

ಅವಳು ಹೇಳಿದ್ದನ್ನು ನೀವು ಅರ್ಧಕ್ಕೇ ಎದ್ದು ಹೋಗಿ ಪೂರ್ತಿ ಕೇಳಲಿಲ್ಲ. "ನನ್ನ ಭಕ್ತಿಗಿ ರೋಗ ಅಂತೀರೇನು?" ಎಂದು ಕೂಗಿ, ಸೀದಾ ದೇವದುರ್ಗದ ಬಸ್ಸು ಹತ್ತಿದಿರಿ. ನಾನು ಅಲ್ಲೇ ಕೂತು ಉಳಿದದ್ದನ್ನು ಕೇಳಿಸಿಕೊಂಡೆ. "ಕಾಲು ಎಲ್ಲಿ ಅದ ಅಂತ ಮಿದುಳಿಗಿ ಸುದ್ದಿ ಮುಟ್ಟಸೋ ನರ ಸೊರಗ್ಯಾವ. ಕಣ್ಣು ನೋಡ್ಕೋತ ಕಾಲಿಗಿ ದಾರಿ ಹೇಳಾಕತ್ತಾವ. ಕಣ್ಣು ಮುಚ್ಚಿದ್ರ ಕಾಲಿಗಿ ದಿಕ್ಕಿಲ್ಲ" ಎಂದಳು. ಹಾಲು-ಹೈನದಲ್ಲಿ ಇರುವ ಒಂದು ಸತ್ವ ನಿಮ್ಮ ರಕ್ತದಲ್ಲಿ ಬತ್ತಿದೆಯಂತೆ. ಕೆಂಪು ಬಣ್ಣದ ಸೂಜಿಮದ್ದು ಕೂಡಲೇ ಶುರು ಮಾಡಿದರೆ ಕಾಲು ಸುಧಾರಿಸುತ್ತವಂತೆ. ತಡ ಮಾಡಿದರೆ ಒಣಗಿದ ನರ ಒಣಗಿದ್ದೇ, ಹಾಸಿಗೆ ಹಿಡಿಯುತ್ತೀರಿ ಎಂದಳು. ಅಷ್ಟು ಕೇಳಿದ ಮೇಲೆ ನನ್ನ ಖುಷಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ನೀವು ಶರಣರಲ್ಲ ಎಂದು ನಾನು ಹೇಳುತ್ತಿಲ್ಲ. ತಾಯಿಗಾಗಿ ಹಾಲು ಬಿಟ್ಟವರು ಶರಣರಲ್ಲದೆ ಮತ್ತೇನು? ಓಲಾಡುವುದು ಮಾತ್ರ ಭಕ್ತಿಯಲ್ಲ. ಊರು ನಗುತ್ತದೆ ಎಂದು ಹೆದರಿ ಅಲ್ಲೇ ಕೂತಿದ್ದೀರಿ ಎಂದು ನನಗೆ ಗೊತ್ತು. ನಗುವವರು ನಕ್ಕು ಮರೆಯುತ್ತಾರೆ. ನಿಮ್ಮನ್ನು ಹೊತ್ತು ಬಚ್ಚಲಿಗೆ ಒಯ್ಯಬೇಕಾದವಳು ನಾನು. ಅದನ್ನೂ ಮಾಡುತ್ತೇನೆ, ಆದರೆ ಬೇಡ ರೀ, ಬನ್ನಿ.

ಮಠದ ಹಿರಿಯರಿಗೆ ನನ್ನ ಶರಣಾರ್ಥಿ ತಿಳಿಸಿ. ಚಳಿ ಬಿದ್ದಿದೆ, ಧೋತರದ ಕೆಳಗೆ ಕಾಲು ಬೆಚ್ಚಗಿಟ್ಟುಕೊಳ್ಳಿ. ಕೆಂಡದ ಕುಂಪಟಿಯ ಹತ್ತಿರ ಮಾತ್ರ ಕೂರಬೇಡಿ, ಸುಟ್ಟರೂ ನಿಮಗೆ ತಿಳಿಯುವುದಿಲ್ಲ.

ನಿಮ್ಮ ಪಾದಸೇವೆಗೆ ಕಾದಿರುವ,
ಶರಣಮ್ಮ

ತಾ.ಕ.: ಅಂಚೆಯಲ್ಲಿ ಕಳಿಸಿದ ಹಿಂದಿನ ಕಾಗದಗಳನ್ನು ಒಡೆಯದೆ ಇಟ್ಟಿದ್ದೀರಂತೆ. ಅದಕ್ಕೆ ಇದನ್ನು ಗುರುಶಾಂತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೌದು, ಅವಳ ಕೈಯಲ್ಲೇ. ಈಗಷ್ಟೇ ಅವಳ ಮನೆಗೆ ಹೋಗಿ ಎಲ್ಲ ಹೇಳಿ ಬಂದೆ. "ಯವ್ವಾ, ನಾ ಹಾಡಿ ಹಾಡಿ ಅವರ ಕಾಲು ಕಳದ್ನೇನು?" ಎಂದು ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ಅವಳು ಕೊಟ್ಟ ಚಹ ಮಾತ್ರ ಕುಡಿದೆ. ಅವಳಿಗೆ ಓದು ಬರುವುದಿಲ್ಲ, ಮೇಲಿನದನ್ನು ಓದಿ ಹೇಳಬೇಡಿ. ನನ್ನ ಮಾತು ನೀವು ಕೇಳುವುದಿಲ್ಲ, ಅವಳ ಮಾತು ಕೇಳುತ್ತೀರಿ. ಇದನ್ನು ಬರೆಯಲು ನನಗೆಷ್ಟು ಉರಿಯುತ್ತಿದೆ ಎಂದು ಶಿವನಿಗೇ ಗೊತ್ತು. ಸೋಮವಾರ ಅವಳ ಜೊತೆ ಹೊರಡಿ. ಮೆಟ್ಟಿಲಿಳಿಯುವಾಗ, ಬಸ್ಸು ಹತ್ತುವಾಗ ಅವಳೇ ನಿಮ್ಮ ಮೊಳಕೈ ಹಿಡಿದುಕೊಳ್ಳಲಿ, ಇಡೀ ದೇವದುರ್ಗ ನೋಡಲಿ, ನಾನು ಏನೂ ಅನ್ನುವುದಿಲ್ಲ. ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ. ಅಲ್ಲಿಂದ ಮುಂದೆ ಮೊಳಕೈ ನನ್ನದು. ಝಾಡಿಸಬೇಡಿ.