ಕೊಆಲಾದ ಚಿಕ್ಕಜ್ಜನ ದವಡೆಹಲ್ಲು

ಟ್ಯಾಂಕ್ ರಸ್ತೆ, ಕ್ವೀನ್ಸ್‌ಲ್ಯಾಂಡ್
೯ ಆಗಸ್ಟ್ ೧೯೯೪, ಮಂಗಳವಾರ

ಮರ್ವ್,

"ಪ್ರೀತಿಯ" ಎಂದು ಬರೆದು ಹೊಡೆದು ಹಾಕಿದ್ದೇನೆ. ತನ್ನ ತಂಗಿಯ ಮನೆಯ ಹಿತ್ತಿಲಲ್ಲಿ ಕ್ಯಾರವಾನ್ ಗಾಡಿ ನಿಲ್ಲಿಸಿಕೊಂಡು ಅದರಲ್ಲೇ ಮೂರು ವರ್ಷ ಕಳೆದ ಗಂಡನಿಗೆ ಬರೀ ಹೆಸರು ಸಾಕು. ನಾನು ಚೆನ್ನಾಗಿದ್ದೇನೆ. ನಿನ್ನ ಮೊಣಕಾಲು ಹೇಗಿದೆ ಎಂದು ಕೇಳುವುದಿಲ್ಲ, ಕೇಳಿದರೆ ನಾಲ್ಕು ಪುಟ ಬರೆಯುತ್ತೀಯ.

ಕಳೆದ ಗುರುವಾರ ಮ್ಯೂಸಿಯಂನ ಡಾಕ್ಟರ್ ಇಂಗ್ರಿಡ್ ಮನೆಗೆ ಬಂದಿದ್ದಳು. ಕಳೆದುಹೋದ ಆ ಕೊಆಲಾ ಹಲ್ಲನ್ನು ನೀನು ಬಿಡಿಸಿ ತೆಗೆದೆಯಲ್ಲ, ಅದೇ ಸುಣ್ಣಕಲ್ಲಿನ ಬಂಡೆಯ ಇನ್ನರ್ಧದಲ್ಲಿ ಅವಳಿಗೆ ಒಂದು ಮೇಲ್ದವಡೆ ಸಿಕ್ಕಿದೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು, ಅಷ್ಟು ಪುಟ್ಟದು. ಹಲ್ಲುಗಳೆಲ್ಲ ಇವೆ, ಹಿಂದಿನದೊಂದು ಇಲ್ಲ. ನಮ್ಮ ಪಳೆಯುಳಿಕೆ ಕ್ಲಬ್ಬಿನ ಪತ್ರಿಕೆಗೆ ನೀನು ಬರೆದುಕೊಟ್ಟಿದ್ದ ಹಲ್ಲಿನ ಚಿತ್ರವನ್ನು ಆ ಖಾಲಿ ಗುಳಿಯ ಪಕ್ಕ ಇಟ್ಟು, ಚಹಾ ಆರಿಹೋದರೂ ನೋಡುತ್ತಲೇ ಕೂತಿದ್ದಳು.

"ಬೆರಿಲ್, ಇದು ಹೊಸ ಜಾತಿ ಕಣ್ರೀ. ಆ ಹಲ್ಲು ತಂದು ಇಲ್ಲಿ ಕೂರಿಸಿದ್ರೆ ಇದಕ್ಕೆ ಮರ್ವ್ ಹೆಸರೇ ಇಡ್ತೀನಿ. ಬರೀ ಚಿತ್ರ ನಂಬ್ಕೊಂಡು ಹೆಸರಿಡೋಕಾಗಲ್ಲ" ಅಂದಳು.

ಅವಳನ್ನು ಜೀಪಿನಲ್ಲಿ ಕರೆತಂದವನು ನಮ್ಮ ಕ್ಲಬ್ಬಿನ ಅಧ್ಯಕ್ಷ ಕೆವ್. ನಾನು ಮಾಡಿದ ಸ್ಕೋನ್ ಬನ್ನುಗಳಲ್ಲಿ ಮೂರನೆಯದನ್ನು ಬಾಯಿಗಿಡುತ್ತ, "ಇಲ್ಲದ ಹಲ್ಲಿಗೆ ಚಿತ್ರ ಬರ್ದವ್ನು ಅವ್ನು. ಆ ಬಂಡೆ ಹೊತ್ತಿದ್ದು ನನ್ನ ಬೆನ್ನು. ಇಡೋದಾದ್ರೆ ನನ್ನ ಹೆಸರಿಡಿ" ಅಂದ. ಹದಿನೆಂಟರ ಗುರುವಾರ ಕ್ಲಬ್ಬಿನ ಸಭೆಯಲ್ಲಿ ಇಂಗ್ರಿಡ್ ತೀರ್ಮಾನ ಹೇಳುತ್ತಾಳಂತೆ. ನಿನ್ನ ಕೊಆಲಾ ಶಾಶ್ವತವಾಗಿ ಕೆವ್‌ನ ಹೆಸರು ಹೊತ್ತು ಕಪಾಟಿನಲ್ಲಿ ಕೂರುವುದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ.

ಅದು ಈಗಿನ ಕೊಆಲಾದ ನೇರ ಅಜ್ಜನಲ್ಲ, ಚಿಕ್ಕಜ್ಜ ಎನ್ನಬಹುದು ಎಂದಳು ಇಂಗ್ರಿಡ್. ಒಂದೂವರೆ ಕೋಟಿ ವರ್ಷದ ಹಿಂದೆ ನಮ್ಮ ಈ ನೆರಳಿಲ್ಲದ ನೆಲವೆಲ್ಲ ದಟ್ಟ ಮಳೆಕಾಡಂತೆ. ಬೆಕ್ಕಿನಷ್ಟೇ ಇದ್ದ ಕೊಆಲಾಗಳು, ಒಂದಲ್ಲ, ಎರಡು ಮೂರು ಬಗೆಯವು, ಮರದ ಮೇಲೆ ಸಂಸಾರ ಮಾಡಿಕೊಂಡಿದ್ದವಂತೆ. ಆಮೇಲೆ ಕಾಡು ಒಣಗಿತು, ನೀಲಗಿರಿ ಮರ ಹಬ್ಬಿತು. ಬೇರೆ ಯಾರೂ ಮೂಸದ ಆ ಒರಟು ಎಲೆಯನ್ನೇ ಅಗಿಯಲು ಕಲಿತ ಒಂದು ಕವಲು ಉಳಿಯಿತು, ಮಿಕ್ಕವರೆಲ್ಲ ಹೋದರು. ಈಗಿನದಕ್ಕಿಂತ ದಪ್ಪದ ದಾಂಡಿಗನೊಬ್ಬ ಆಮೇಲೆ ಬಂದಿದ್ದನಂತೆ, ಅವನೂ ಹೋದ. ಅಷ್ಟು ದೊಡ್ಡ ವಂಶದಲ್ಲಿ ಕೊನೆಗೆ ಉಳಿದವನು ಯಾರು? ದಿನಕ್ಕೆ ಇಪ್ಪತ್ತು ಗಂಟೆ ಮಲಗಿ, ಎದ್ದಾಗ ಒಂದೇ ಬಗೆಯ ಊಟ ಕೇಳಿ, ನಡುನಡುವೆ ಗೊರಕೆಯ ಥರ ಕೂಗು ಹಾಕುವವನು. ನನಗೆ ಪರಿಚಯದ ಯಾರದೋ ನೆನಪಾಯಿತು. ಹೆಸರು ಹೇಳುವುದಿಲ್ಲ.

ಇಷ್ಟು ಹೊತ್ತು ಸುತ್ತಿ ಬಳಸಿದ್ದು ಏಕೆಂದರೆ ಮುಂದಿನದನ್ನು ಬರೆಯಲು ಭಯ.

ಹಲ್ಲು ಕಾಣೆಯಾದ ದಿನ ನೀನು ವರಾಂಡದಲ್ಲಿ, ಸುಣ್ಣ ಕರಗಲೆಂದು ಕಲ್ಲು ನೆನೆಹಾಕಿದ ವಿನೆಗರ್ ಬಕೆಟ್ ಬದಲಿಸುತ್ತಿದ್ದೆ. ಹಲ್ಲು ಅಡಿಗೆಮನೆಯ ಮೇಜಿನ ಮೇಲಿತ್ತು, ಮೈತುಂಬ ಸುಣ್ಣ ಮೆತ್ತಿಕೊಂಡು. ನೀನು ಬೆಳಗಿನಿಂದ ಕೊಆಲಾ ಕೊಆಲಾ ಎಂದು ಕುಣಿಯುತ್ತಿದ್ದೆ, ನನಗೆ ಅದು ಬರೀ ಕಲ್ಲಿನ ಚೂರಾಗಿ ಕಂಡಿತು. ಕಲ್ಲೋ ಮೂಳೆಯೋ ಎಂದು ಅನುಮಾನ ಬಂದರೆ ನಮ್ಮವರು ಏನು ಮಾಡುತ್ತಾರೆ? ನಾಲಿಗೆಗೆ ತಾಗಿಸಿ ನೋಡುತ್ತಾರೆ. ಮೂಳೆಯಾದರೆ ಅಂಟುತ್ತದೆ, ಕಲ್ಲಾದರೆ ಇಲ್ಲ. ನೀನೇ ಕಲಿಸಿದ್ದು. ಬೇರೆ ಗಂಡಸರು ಮದುವೆಗೆ ಮುಂಚೆ ಹುಡುಗಿಯರನ್ನು ಡಾನ್ಸಿಗೆ ಕರೆದೊಯ್ಯುತ್ತಿದ್ದರು, ನೀನು ನನ್ನ ಕೈಲಿ ಕಲ್ಲು ನೆಕ್ಕಿಸಿದೆ.

ತಾಗಿಸಿದೆ. ಅಂಟಿತು. ಸಂತೋಷಕ್ಕೆ ನಿನ್ನನ್ನು ಕೂಗಬೇಕು ಅನ್ನುವಷ್ಟರಲ್ಲಿ ನೀನೇ ಹೊರಗಿನಿಂದ ಕೂಗಿದೆ: "ಬೆರಿಲ್, ನಿಮ್ಮಮ್ಮನ ಹಲ್ಲಿನ ಸೆಟ್ಟಿಗಿಂತ ಆ ಕೊಆಲಾ ಹಲ್ಲೇ ಗಟ್ಟಿ ಇದೆ ಕಣೆ." ನಿನ್ನ ತಮಾಷೆಗೆ ನಾನು ಆ ವರ್ಷ ನಕ್ಕಿದ್ದು ಅದೊಂದೇ ಸಲ. ಹಲ್ಲು ಗಂಟಲಿನೊಳಗೆ ಇಳಿದುಹೋಯಿತು.

ಆಗಲೇ ಹೇಳಬೇಕಿತ್ತು. ಬದಲಿಗೆ ನಿನ್ನ ಪ್ಯಾಂಟಿನ ಮಡಿಕೆಯಲ್ಲಿ ನೋಡಿಕೋ ಎಂದೆ. ನೀನು ಸಿಂಕಿನ ಪೈಪು ಬಿಚ್ಚಿದೆ, ಕಸದ ಬುಟ್ಟಿ ಜರಡಿ ಹಿಡಿದೆ, ಕೋಳಿಗಳನ್ನು ಒಂದೊಂದಾಗಿ ಅನುಮಾನದಿಂದ ನೋಡಿದೆ. ನಾನೂ ನಿನ್ನ ಜೊತೆ ಮಂಡಿಯೂರಿ ಹುಡುಕಿದೆ. ಕೊನೆಗೆ ನೀನು, "ನೀನೇ ಗುಡಿಸಿ ಹಾಕಿದ್ದೀಯ" ಎಂದೆ. ನಾನು, "ಕಂಡ ಕಲ್ಲಿಗೆಲ್ಲ ಹಲ್ಲು ಅಂತೀಯ, ಕೆವ್ ಸುಮ್ನೆ ನಗ್ತಾನಾ?" ಎಂದೆ. ಹಲ್ಲು ನುಂಗಿದ್ದಕ್ಕಿಂತ ಆ ಮಾತಿಗೆ ನನಗೆ ಹೆಚ್ಚು ನಾಚಿಕೆ. ಅದು ಹಲ್ಲೇ ಎಂದು ನಿನಗಿಂತ ಚೆನ್ನಾಗಿ ಗೊತ್ತಿದ್ದವಳು ನಾನೊಬ್ಬಳೇ. ಹಾಗಿದ್ದೂ ನಿನ್ನನ್ನು ಊರಿನವರ ಬಾಯಿಗೆ ಹಾಕಿ ಸುಮ್ಮನೆ ಕೂತೆ.

ಹದಿನೆಂಟಕ್ಕೆ ಸಭೆಯಲ್ಲಿ ಎದ್ದು ನಿಂತು, ಹಲ್ಲು ಇತ್ತು, ನಾನೇ ನುಂಗಿದೆ ಎಂದು ಹೇಳುತ್ತೇನೆ. ಊರು ಕ್ರಿಸ್‌ಮಸ್‌ವರೆಗೆ ನಗಲಿ. ನಿನ್ನನ್ನು ಸುಳ್ಳುಗಾರ ಅನ್ನುವುದಾದರೂ ನಿಲ್ಲುತ್ತದೆ.

ಕ್ಷಮಿಸು ಮರ್ವ್.

ಕಾನೂನಿನ ಪ್ರಕಾರ ಇನ್ನೂ ನಿನ್ನ ಹೆಂಡತಿ,
ಬೆರಿಲ್

ಮರೆತದ್ದು: ಪೋಸ್ಟಾಫೀಸಿನ ಬಾಗಿಲವರೆಗೆ ಹೋಗಿ ಕಾಗದ ವಾಪಸು ತಂದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿಯೂ ಅಲ್ಲ. ನೀನು ಜಗಳವಾಡಿ ಹೊರಟದ್ದು ಎರಡನೇ ದಿನ. ಹಲ್ಲು ಸಿಕ್ಕಿದ್ದು ಮೂರನೇ ದಿನ. ಹೇಗೆ ಎಂದು ಕೇಳಬೇಡ, ಮೂವತ್ತು ವರ್ಷ ಜರಡಿ ಹಿಡಿದವಳು ನಾನು. ಮೆತ್ತಿದ್ದ ಸುಣ್ಣವೆಲ್ಲ ಕರಗಿ ಹೊಳೆಯುತ್ತಿದೆ, ನಿನ್ನ ಬಕೆಟ್ಟಿಗಾದರೆ ಆರು ವಾರ ಹಿಡಿಯುತ್ತಿತ್ತು. ಯಾವ ಆಮ್ಲ ಬಳಸಿದಿರಿ ಎಂದು ಇಂಗ್ರಿಡ್ ಕೇಳುತ್ತಾಳೆ, ಉತ್ತರ ನೀನೇ ಯೋಚಿಸಿಟ್ಟುಕೋ. ಹಲ್ಲನ್ನು ಅವತ್ತೇ ನಿನಗೆ ಅಂಚೆಗೆ ಹಾಕಬಹುದಿತ್ತು. ಹಾಕಿದ್ದರೆ ಈ ಮನೆಯಲ್ಲಿ ನೀನು ಬಂದು ಹುಡುಕುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಈಗಲೂ ಅಂಚೆಗೆ ಹಾಕುವುದಿಲ್ಲ. ಸಭೆಯ ಹಿಂದಿನ ದಿನ, ಹದಿನೇಳರ ಬುಧವಾರದೊಳಗೆ ನೀನೇ ಬಂದು ತೆಗೆದುಕೋ.