ರಾಯರ ಮಡಿಲು

ಪ್ರೀತಿಯ ರಾಯರೇ,

‘ನನ್ನ ಹೆಸರಿಟ್ಟ ಕೋತಿಗಾದ್ರೂ ಮಕ್ಕಳಾದ್ವೇನೇ?’ ಅಂತ ಪ್ರತಿ ಪತ್ರದಲ್ಲೂ ಕೇಳುತ್ತೀರಿ. ನಾವು ಮರದಡಿ ಹೆಕ್ಕಿ ಲ್ಯಾಬಿಗೆ ಕಳಿಸಿದ್ದ ಹಿಕ್ಕೆಯ ಡಿಎನ್‌ಎ ಪರೀಕ್ಷೆ ಮುಗಿದು, ಯಾವ ಮರಿಗೆ ಯಾರು ಅಪ್ಪ ಎಂದು ಗೊತ್ತಾಗಿದೆ. ಹೆಚ್ಚಿನವು ಹಲ್ಲು ಕಿರಿದು ಎಲ್ಲರನ್ನೂ ಹೆದರಿಸುವ ಗುಂಪಿನ ಯಜಮಾನನವು. ಉಳಿದವು, ಅವನ ಕಣ್ಣು ತಪ್ಪಿಸಿ ಬಂಡೆಯ ಮರೆಯಲ್ಲಿ ಹೆಣ್ಣುಗಳನ್ನು ಕೂಡಿದ ಕಳ್ಳನವು. ನಮ್ಮ ಕೋತಿ ರಾಯರದ್ದು ಒಂದೂ ಇಲ್ಲ.

ಇದನ್ನು ನಿಮಗೆ ಹೇಗೆ ಬರೆಯಲಿ ಎಂದು ಇಷ್ಟು ದಿನ ಸುಮ್ಮನಿದ್ದೆ. ನಿನ್ನೆ ಬಯಲಿನ ಮೇಲೆ ಹದ್ದಿನ ನೆರಳು ಹಾಯಿತು. ಯಜಮಾನ ತನ್ನ ಪಾಡಿಗೆ ಪೊದೆ ಸೇರಿದ. ಅಲ್ಲಿ ಆಡುತ್ತಿದ್ದ ಮರಿಗಳೆಲ್ಲ ಕಿರುಚುತ್ತ ಓಡಿದ್ದು ಕೋತಿ ರಾಯರ ಮಡಿಲಿಗೆ. ಒಂದು ಬೆನ್ನೇರಿತು, ಇನ್ನೊಂದು ಕಿವಿ ಹಿಡಿದು ಜೋತುಬಿತ್ತು. ರಾಯರು ನಿಮ್ಮ ಹಾಗೆಯೇ ಹೊಟ್ಟೆ ಕೆರೆದುಕೊಳ್ಳುತ್ತ ಎಲ್ಲರಿಗೂ ಜಾಗ ಮಾಡಿಕೊಟ್ಟರು.

ಡಾಕ್ಟರ ಮಾತು ಕೇಳಿದಂದಿನಿಂದ ನೀವು ಮಗುವಿಗೆಂದು ಇಟ್ಟಿದ್ದ ಮೂಲೆಯ ಕೋಣೆಗೆ ಹಳೆ ಟೈರು ತುಂಬುತ್ತಿದ್ದೀರಿ. ಅವನ್ನೆಲ್ಲ ತೆಗೆದು ಸುಣ್ಣ ಹೊಡೆಸಿ. ಮುಂದಿನ ವಾರ ನಾನು ಬಂದ ಕೂಡಲೇ ಇಬ್ಬರೂ ಅನಾಥಾಲಯಕ್ಕೆ ಹೋಗೋಣ. ಇಸ್ತ್ರಿ ಅಂಗಿ ಬೇಡ, ಮನೆಯಲ್ಲಿ ಹಾಕುವ ಹಳೆಯದೇ ಇರಲಿ. ಹತ್ತಿ ಕೂರುವವರಿಗೆ ಅದೇ ಅನುಕೂಲ.

ನಿಮ್ಮ,
ಕೋತಿ ಕಾಯುವವಳು